ಮಗಳು ಸಾಕರ್ ಕೋಚ್ ಆಗ್ತಾಳಂತೆ, ಇದು ಕೆರಿಯರ್ರಾ?

ಕೊಲಂಬಸ್ ಅಮ್ಮ:
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗತ್ತೆ, ಬೇಜಾರು ಮಾಡ್ಕೋಬೇಡಿ. ಮಗಳು ಮೇ ತಿಂಗಳಲ್ಲಿ ಬಯಾಲಜಿ ಡಿಗ್ರಿ ಮುಗಿಸಿದಳು. ನಾಲ್ಕು ವರ್ಷವೂ ಡಿವಿಷನ್ ತ್ರೀ (ಕಾಲೇಜು ಕ್ರೀಡೆಯ ಮೂರನೇ ಹಂತ) ಕಾಲೇಜಿನ ಗೋಲ್‌ಕೀಪರ್. ಪಿಎ (ಫಿಸಿಷಿಯನ್ ಅಸಿಸ್ಟೆಂಟ್, ಡಾಕ್ಟರ ಜೊತೆ ರೋಗಿಗಳನ್ನ ನೋಡೋ ಕೆಲಸ) ಸ್ಕೂಲಿಗೆ ಅರ್ಜಿ ಹಾಕ್ತಾಳೆ ಅಂತ ನಾವು ಕೂತಿದ್ರೆ, ಪಕ್ಕದ ರಾಜ್ಯದ ಕಾಲೇಜೊಂದಕ್ಕೆ ಗ್ರಾಜುಯೇಟ್ ಅಸಿಸ್ಟೆಂಟ್ ಕೋಚ್ ಆಗಿ ಹೋಗ್ತೀನಿ ಅಂತಾಳೆ. ಮಾಸ್ಟರ್ಸ್ ಫೀಸ್ ಮಾಫಿ, ತಿಂಗಳಿಗೆ 1,100 ಡಾಲರ್, ಅದೂ ಹತ್ತೇ ತಿಂಗಳು. ನಮ್ಮನೆಯವರು ಮೂರು ದಿನದಿಂದ ಅವಳ ಹತ್ರ ಮಾತಾಡಿಲ್ಲ. ಗರಾಜಿನಲ್ಲಿ ಅವಳ ಗ್ಲೌಸ್ ಒಣಗೋಕೆ ಹಾಕಿದ್ದು ಕಂಡ್ರೆ ಸಾಕು, ಮುಖ ತಿರುಗಿಸ್ಕೊಂಡು ಹೋಗ್ತಾರೆ. (ವಾಸನೆ ಇರೋದೂ ನಿಜ.) ಯಾರ ಮಕ್ಕಳಾದ್ರೂ ಈ ದಾರಿ ಹಿಡಿದಿದ್ರೆ ಹೇಳಿ.

ಡಾಲಸ್ ರಾಯರು:
ಮೇಡಂ, ನೇರವಾಗಿ ಹೇಳ್ತೀನಿ. ಆಟ ಬೇರೆ, ಹೊಟ್ಟೆಪಾಡು ಬೇರೆ. ಈ ದೇಶಕ್ಕೆ ಬಂದು 26 ವರ್ಷ ಆಯ್ತು, ಎಷ್ಟು ಮಕ್ಕಳನ್ನ ನೋಡಿಲ್ಲ! ಮೊದಲು ಪಿಎ ಮುಗಿಸಲಿ, ಕೋಚಿಂಗ್ ಶನಿವಾರ ಭಾನುವಾರ ಮಾಡಲಿ. ನನ್ನ ಮಗ ಚೆಲ್ಲೋ ಚೆಲ್ಲೋ ಅಂತ ಆ ವಾದ್ಯದ ಹಿಂದೆ ಬಿದ್ದಿದ್ದ. ಖಡಾಖಂಡಿತವಾಗಿ ಬೇಡ ಅಂದೆ. ಇವತ್ತು ರೇಡಿಯಾಲಜಿ ರೆಸಿಡೆನ್ಸಿ ಮಾಡ್ತಿದ್ದಾನೆ.

ಎಡಿಸನ್ ಅತ್ತಿಗೆ:
ಹೆಣ್ಣುಮಗು ಗೋಲ್ ಕಾಯ್ತಾಳೆ ಅಂದ್ರೇ ಖುಷಿ ಆಗತ್ತೆ! ನಮ್ಮವಳದು ಭರತನಾಟ್ಯ, ರಂಗಪ್ರವೇಶ ಆದ ಮೇಲೆ ಗೆಜ್ಜೆ ಮುಟ್ಟಿಲ್ಲ 😔

ರಾಲಿ ಅಪ್ಪ:
ಅಕ್ಕ, ನನ್ನ ಮಗನೂ ಗೋಲ್‌ಕೀಪರ್ ಆಗಿದ್ದವನೇ, ಈ ಕೆಲಸಕ್ಕೆ ಸೇರಿ ಆರನೇ ವರ್ಷ. ಮೊದಲ ವರ್ಷ ಡಿವಿಷನ್ ಒನ್‌ನಲ್ಲಿ, ಅಂದ್ರೆ ಮೇಲಿನ ಹಂತದ ಕಾಲೇಜಲ್ಲಿ, ‘ವಾಲಂಟಿಯರ್ ಕೋಚ್’, ಅಂದ್ರೆ ಸಂಬಳ ಸೊನ್ನೆ. ಸಂಜೆ ಕ್ಲಬ್ಬಿನ ಮಕ್ಕಳಿಗೆ ಕಲಿಸಿ ಬಾಡಿಗೆ ಕಟ್ಟಿದ. ಆ ಹುದ್ದೆಯನ್ನ ಕಾಲೇಜು ಕ್ರೀಡೆ ನಡೆಸೋ ಎನ್‌ಸಿಎಎ 2023ರ ಜುಲೈಯಲ್ಲಿ ತೆಗೆದುಹಾಕ್ತು, ಈಗ ಅಲ್ಲಿ ಅವರಿಗೂ ಸಂಬಳ ಕೊಡಬಹುದು. ನಿಮ್ಮ ಮಗಳಿಗೆ ಸಿಕ್ಕಿರೋದು ಅದಕ್ಕಿಂತ ವಾಸಿ.

ಪಂದ್ಯ ಆಡಿಸೋದು ಆಗಸ್ಟ್‌ನಿಂದ ನವೆಂಬರ್ ತನಕ. ಕೀಪರ್‌ಗಳಿಗೆ ಬೇರೆ ಅಭ್ಯಾಸ, ಎದುರಾಳಿ ಕಾರ್ನರ್ ಹೇಗೆ ಹೊಡೀತಾರೆ ಅನ್ನೋ ವಿಡಿಯೊ ಕತ್ತರಿಸೋದು, ವ್ಯಾನ್ ಓಡಿಸೋದು, ಜರ್ಸಿ ಒಗೆಯೋದು. ಉಳಿದ ತಿಂಗಳೆಲ್ಲ ಹುಡುಗರನ್ನ ಹುಡುಕೋ ಕೆಲಸ. ಹೈಸ್ಕೂಲಿನ ಎರಡನೇ ವರ್ಷ ಮುಗಿದು ಜೂನ್ 15 ಬರೋವರೆಗೆ ಡಿವಿಷನ್ ಒನ್ ಕೋಚ್‌ಗಳು ಆ ಹುಡುಗರಿಗೆ ಸೇರ್ಕೋ ಅಂತ ಮೆಸೇಜ್ ಹಾಕೋ ಹಾಗಿಲ್ಲ. ಕಳೆದ ವರ್ಷ ಆ ಸಮಯಕ್ಕೆ ಮಗ ಮನೇಲಿದ್ದ. ಮಧ್ಯರಾತ್ರಿ ನೀರು ಕುಡಿಯೋಕೆ ಎದ್ದು ನೋಡ್ತೀನಿ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಎರಡು ಫೋನು. 12 ಹೊಡೀಲಿ ಅಂತ ಕಾಯ್ತಾ ಇದ್ದಾನೆ!

ಸಹಿ ಹಾಕೋ ಮೊದಲು ಇಷ್ಟು ಕೇಳಲಿ: ಮಾಫಿ ಎರಡೂ ವರ್ಷಕ್ಕಾ? ಬೇಸಿಗೆ ಕ್ಯಾಂಪಿನ ದುಡ್ಡಲ್ಲಿ ಅವಳಿಗೆ ಪಾಲು ಇದೆಯಾ? ಯುಎಸ್ ಸಾಕರ್ ಕೋಚಿಂಗ್ ಲೈಸೆನ್ಸಿನ ಖರ್ಚು ಯಾರದು? ಹೆಡ್ ಕೋಚ್ ಒಪ್ಪಂದ ಇನ್ನೆಷ್ಟು ವರ್ಷ? ಅವರನ್ನ ಕಳಿಸಿದ್ರೆ ಸಾಮಾನ್ಯವಾಗಿ ಅಸಿಸ್ಟೆಂಟೂ ಗಂಟುಮೂಟೆ ಕಟ್ಟಬೇಕು. ವಿಮೆ ಚಿಂತೆ ಬೇಡ, 26 ತುಂಬೋವರೆಗೆ ನಿಮ್ಮದರಲ್ಲೇ ಇರಬಹುದು. ಜನವರಿಯ ಯುನೈಟೆಡ್ ಸಾಕರ್ ಕೋಚಸ್ ಸಮಾವೇಶ ತಪ್ಪಿಸಬಾರದು, ಪರಿಚಯದಿಂದಲೇ ಮುಂದಿನ ಕೆಲಸ.

ಡಾಲಸ್ ರಾಯರು:
ನೋಡಿ, ಇವರೇ ಹೇಳ್ತಿದ್ದಾರೆ, ಸಂಬಳ ಸೊನ್ನೆ! ಇದಕ್ಕೋಸ್ಕರ ನಾವು ಎರಡು ಸೂಟ್‌ಕೇಸ್ ಹಿಡ್ಕೊಂಡು ಬಂದ್ವಾ?

ರಾಲಿ ಅಪ್ಪ:
ರಾಯರೇ, ಅದು ಮೊದಲ ವರ್ಷದ ಮಾತು. ಈಗ ಪೂರ್ತಿ ಸಂಬಳ ಇದೆ, ಹೆಂಡತಿ ಮಗುನೂ ಇದೆ.

ಸಿಯಾಟಲ್ ಹುಡುಗ:
ಅವಳ ವೀಸಾ ಯಾವುದು? ಎಚ್4 (ಅಪ್ಪ ಅಮ್ಮನ ಕೆಲಸದ ವೀಸಾ ಮೇಲೆ ಮಕ್ಕಳಿಗೆ ಸಿಗೋದು) ಆದ್ರೆ 21ಕ್ಕೇ ಮುಗಿದಿರತ್ತೆ. ಯೂನಿವರ್ಸಿಟಿ ಕೊಡಿಸೋ ಎಚ್1ಬಿ ಕೆಲಸದ ವೀಸಾಗೆ ಲಾಟರಿ ಇಲ್ಲ, ಅದೊಂದು ಅನುಕೂಲ.

ಕೊಲಂಬಸ್ ಅಮ್ಮ:
ಅವಳು ಇಲ್ಲೇ ಹುಟ್ಟಿದವಳು.

ಆಸ್ಟಿನ್ ಟೌನ್ ಟು ಆಸ್ಟಿನ್:
ನಾನು ಗೌತಮಪುರದ ಗಲ್ಲಿಗಳಲ್ಲಿ ಆಡಿದವನು. ಪೆಲೆ ಪ್ರತಿಮೆ ನಿಲ್ಲಿಸಿರೋ ಊರಲ್ವಾ ಅದು! ಆಗ ಐಟಿಐ, ಎಚ್‌ಎಎಲ್‌ನಲ್ಲಿ ಆಟದ ಮೇಲೇ ನೌಕರಿ ಸಿಗ್ತಿತ್ತು. ನಂಗೂ ಟ್ರಯಲ್ಸಿಗೆ ಕರೆ ಬಂತು. ಅವತ್ತೇ ಸಿಇಟಿ. ಅಪ್ಪ ಸ್ಕೂಟರಲ್ಲಿ ಪರೀಕ್ಷೆ ಹಾಲಿಗೆ ಬಿಟ್ಟು, ಗೇಟಿನ ಹತ್ರನೇ ಕಾದು ನಿಂತಿದ್ರು. ಈಗಲೂ ಡೇಟಾಬೇಸ್ ನೋಡ್ಕೊಂಡಿದ್ದೀನಿ. ಅದಿರಲಿ, ಬ್ರೂಸ್ ಅರೀನಾ ಕೂಡ ಗೋಲ್‌ಕೀಪರೇ. ಅಮೆರಿಕಕ್ಕೆ ಆಡಿದ್ದು ಒಂದೇ ಪಂದ್ಯ. 1978ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯಕ್ಕೆ ಸಾಕರ್ ಕೋಚ್ ಆಗಿ ಹೋದಾಗ ಜೊತೆಗೆ ಲಕ್ರಾಸ್ ಅನ್ನೋ ಇನ್ನೊಂದು ಆಟದ ಅಸಿಸ್ಟೆಂಟ್ ಕೋಚ್ ಕೆಲಸವನ್ನೂ ಮಾಡ್ತಿದ್ರು. ಅಲ್ಲಿ ಐದು ಸಲ ಕಾಲೇಜು ಚಾಂಪಿಯನ್. 2002ರಲ್ಲಿ ಅಮೆರಿಕವನ್ನ ವಿಶ್ವಕಪ್ ಕ್ವಾರ್ಟರ್ ಫೈನಲ್‌ಗೆ ಕರೆದೊಯ್ದ ಕೋಚ್ ಅವರೇ.

ಡಾಲಸ್ ರಾಯರು:
ಅರೀನಾ ಒಬ್ಬರ ಹೆಸರು ಹೇಳಿದ್ರಿ. ವ್ಯಾನ್ ಓಡಿಸ್ತಾನೇ ಉಳಿದವರು ಎಷ್ಟು ಜನ ಅಂತ ಹೇಳಿ. ಸಚಿನ್ ತೋರಿಸಿ ಮಕ್ಕಳನ್ನ ಓದು ಬಿಡಿಸೋ ಹಳೇ ಕಥೆ ಇದು.

ಹುಬ್ಳಿ ಮಂದಿ ಟ್ಯಾಂಪಾ:
ರಾಯರ, ಆಕಿ ಎಲ್ಲಿ ಓದು ಬಿಟ್ಟಾಳ್ರೀ? ಮಾಸ್ಟರ್ಸ್ ಮಾಡಾಕ ಹೊಂಟಾಳ, ಅದೂ ಪುಕ್ಕಟ. ರಾಲಿ ಅಣ್ಣಾವ್ರು ಇಷ್ಟ ಛಂದ ಬರದಾರ, ಒಬ್ಬರರ ಪೂರ್ತಿ ಓದೀರೇನು?

ಎಡಿಸನ್ ಅತ್ತಿಗೆ:
ಆ ಗ್ಲೌಸ್‌ನ ಬೇಬಿ ಶಾಂಪೂ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ, ಬಿಸಿಲಿಗೆ ಹಾಕಬೇಡಿ. ನನ್ನ ತಂಗಿ ಮಗ ಹಾಗೇ ಮಾಡೋದು.

ಕೊಲಂಬಸ್ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ನಮ್ಮನೆಯವರಿಗೆ ಎಲ್ಲಾ ತೋರಿಸಿದೆ. ರಾಯರದ್ದು ಮಾತ್ರ ಎರಡು ಸಲ ಜೋರಾಗಿ ಓದಿದ್ರು. ರಾಲಿಯವರೇ, ಗುರುವಾರ ರಾತ್ರಿ ಎಂಟರ ಮೇಲೆ ಫೋನ್ ಮಾಡಬಹುದಾ? ಹೆಡ್ ಕೋಚ್ ಒಪ್ಪಂದದ ವಿಷಯ ಹೇಗೆ ಕೇಳೋದು ಅಂತ ಮಗಳು ನಿಮ್ಮನ್ನೇ ಕೇಳ್ತಾಳಂತೆ.

ಡಾಲಸ್ ರಾಯರು:
ಮೇಡಂ, ಪಿಎ ಅರ್ಜಿಗೆ ಇನ್ನೂ ಟೈಮ್ ಇದೆ. ನನ್ನ ಮಗನ ನಂಬರ್ ಮೆಸೇಜ್ ಮಾಡಿದ್ದೀನಿ.