ವಾಟ್ಸಾಪ್‌ನಲ್ಲಿ ಫೋಟೋ ನೋಡಿದ ಮೇಲೆ ಗುರುತು ಪರೇಡ್‌ಗೆ ಹೋಗಬಹುದಾ?

ಕುಂಬಳೆಯವ
ಸೀತಾಂಗೋಳಿ ಹತ್ತಿರ ಬೈಕಿನಲ್ಲಿ ಬಂದ ಇಬ್ಬರು ನಮ್ಮ ಚಿಕ್ಕಮ್ಮನ ಕರಿಮಣಿ ಸರ ಎಳೆದುಕೊಂಡು ಹೋದರು. ಹಿಂದೆ ಕೂತವನಿಗೆ ಹೆಲ್ಮೆಟ್ ಇರಲಿಲ್ಲ, ಕೈಯಲ್ಲಿ ಚೂರಿ ಇತ್ತು. ಆ ದಿನ ಚಿಕ್ಕಮ್ಮ "ಮುಖ ಸರಿ ನೆನಪಿಲ್ಲ, ಚೂರಿ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ" ಅಂದಿದ್ದರು. ಈಗ ಒಬ್ಬನನ್ನು ಹಿಡಿದಿದ್ದಾರೆ. ಅವನ ಫೋಟೋ ಊರಿನ ಗ್ರೂಪಿಗೆ ಬಂತು, ಚಿಕ್ಕಮ್ಮ ಅದನ್ನು ದೊಡ್ಡದು ಮಾಡಿ ಮಾಡಿ ನೋಡಿ "ಇವನೇ" ಅಂತಿದ್ದಾರೆ. ಜೈಲಿಗೆ ಬಂದು ಗುರುತು ಹಿಡಿಯಬೇಕಂತೆ. ನನಗೆ ಹೆದರಿಕೆ, ಅವನಲ್ಲದಿದ್ದರೆ?

ಬದಿಯಡ್ಕ ವಕೀಲ
ಹೋಗಲಿ, ಆದರೆ ಫೋಟೋ ನೋಡಿದ್ದನ್ನು ಮ್ಯಾಜಿಸ್ಟ್ರೇಟ್ ಹತ್ತಿರ ಮೊದಲೇ ಹೇಳಲಿ. ಹೆಚ್ಚುಕಡಿಮೆ ಅದೇ ವಯಸ್ಸು, ಅದೇ ಮೈಕಟ್ಟಿನವರ ನಡುವೆ ಆರೋಪಿಯನ್ನು ನಿಲ್ಲಿಸುತ್ತಾರೆ. ಫೋಟೋ ನೋಡಿದವರಿಗೆ ಅದು ಪರೀಕ್ಷೆಯೇ ಅಲ್ಲ. ಅರೆಸ್ಟ್ ಆದವನ ಮುಖ ಮುಚ್ಚಿ ಕರೆತರುವುದು ಇದೇ ಕಾರಣಕ್ಕೆ. ಪರೇಡ್‌ನಲ್ಲಿ ತೋರಿಸಿದ ಮಾತ್ರಕ್ಕೆ ಶಿಕ್ಷೆ ಆಗುವುದಿಲ್ಲ, ಕೋರ್ಟಿನಲ್ಲಿ ಗುರುತಿಸುವುದೇ ಮುಖ್ಯ ಸಾಕ್ಷ್ಯ, ಪರೇಡ್ ಅದಕ್ಕೆ ಬಲ ಕೊಡುತ್ತದೆ ಅಷ್ಟೆ. ಇದಕ್ಕೆ 1872ರ ಸಾಕ್ಷ್ಯ ಕಾಯ್ದೆಯಲ್ಲಿ 9ನೇ ಸೆಕ್ಷನ್ ಇತ್ತು, 2024ರ ಜುಲೈಯಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 7ನೇ ಸೆಕ್ಷನ್.

ಇನ್ನೊಂದು, ನಮ್ಮ ಕಾಸರಗೋಡು ಕಡೆ ಇದು ಜಾಸ್ತಿ ಮುಖ್ಯ. ಸ್ಟೇಷನ್ನಿನಲ್ಲಿ ಹೇಳಿಕೆಯನ್ನು ಮಲಯಾಳದಲ್ಲಿ ಬರೆದುಕೊಂಡಿದ್ದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. "ಮುಖ ನೆನಪಿಲ್ಲ" ಅಂದ ಮಾತು ಅದರಲ್ಲಿ ಇದೆಯಾ ನೋಡಿ.

ಉಪ್ಪಳ
ಹೀಗೆ ಹೇಳಿ ಹೇಳಿಯೇ ಕಳ್ಳರು ತಪ್ಪಿಸಿಕೊಳ್ಳುವುದು. ಕಣ್ಣಾರೆ ಕಂಡವರಿಗಿಂತ ದೊಡ್ಡ ಸಾಕ್ಷಿ ಬೇಕಾ?

ಮುಳ್ಳೇರಿಯಾ ಟೀಚರ್
ಉಪ್ಪಳದವರೇ, ಕಣ್ಣಾರೆ ಕಂಡವರೇ ತಪ್ಪಿದ್ದುಂಟು. 1984ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅತ್ಯಾಚಾರಕ್ಕೆ ಒಳಗಾದ ಜೆನಿಫರ್ ಥಾಂಪ್ಸನ್, ಇವನನ್ನು ಹಿಡಿದು ಕೊಡಲೇಬೇಕು ಅಂತ ಮುಖವನ್ನು ಬೇಕೆಂದೇ ಗಮನವಿಟ್ಟು ನೋಡಿದ್ದರು. ಮೊದಲು ಫೋಟೋಗಳಲ್ಲಿ, ಆಮೇಲೆ ಸಾಲಾಗಿ ನಿಲ್ಲಿಸಿದವರಲ್ಲಿ ರೊನಾಲ್ಡ್ ಕಾಟನ್‌ನನ್ನೇ ತೋರಿಸಿದರು. ಎರಡರಲ್ಲೂ ಇದ್ದವನು ಅವನೊಬ್ಬನೇ. ಮುಂದೆ ನಿಜವಾದ ಅಪರಾಧಿಯನ್ನೇ ಕೋರ್ಟಿನಲ್ಲಿ ಎದುರಿಗೆ ತಂದು ನಿಲ್ಲಿಸಿದಾಗ ಇವನನ್ನು ನೋಡೇ ಇಲ್ಲ ಅಂದರು, ಯಾಕೆಂದರೆ ಆ ಹೊತ್ತಿಗೆ ನೆನಪಿನಲ್ಲಿ ಉಳಿದದ್ದು ಕಾಟನ್‌ನ ಮುಖ. 1995ರಲ್ಲಿ ಡಿಎನ್ಎ ಪರೀಕ್ಷೆ ಆದ ಮೇಲೆ ಜೈಲಿನಲ್ಲಿದ್ದ ಕಾಟನ್ ಬಿಡುಗಡೆಯಾದ. ಅವರು ಸುಳ್ಳು ಹೇಳಿರಲಿಲ್ಲ, ಅಲ್ವಾ? ಆಯುಧ ಕಂಡಾಗ ಕಣ್ಣು ಅದರ ಮೇಲೇ ನಿಲ್ಲುತ್ತದೆ, ಮುಖ ಮಸುಕಾಗುತ್ತದೆ, ಆಮೇಲೆ ನೋಡಿದ ಫೋಟೋ ಆ ಜಾಗಕ್ಕೆ ಬಂದು ಕೂರುತ್ತದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಲು ಚಿಕ್ಕಮ್ಮನಿಗೆ ಧೈರ್ಯ ಕೊಡಿ. ಸರ ಸಿಕ್ಕಿತಾ?

ಕುಂಬಳೆಯವ
ಇಲ್ಲ ಟೀಚರ್. ಕೊಂಡಿ ಮುರಿದಾಗ ಬೆಸುಗೆ ಹಾಕಿದ ಅಕ್ಕಸಾಲಿಗರು ಸರ ಸಿಕ್ಕಿದರೆ ಗುರುತಿಸುತ್ತೇನೆ ಅಂದಿದ್ದಾರೆ. ದಾರಿಯಲ್ಲೊಂದು ಪೆಟ್ರೋಲ್ ಬಂಕ್ ಇದೆ, ಅದರ ಕ್ಯಾಮೆರಾ ನೋಡಿದ್ದಾರಾ ಅಂತ ನಾಳೆಯೇ ಸ್ಟೇಷನ್ನಿನಲ್ಲಿ ಕೇಳುತ್ತೇನೆ, ಹಳೆಯ ರೆಕಾರ್ಡಿಂಗ್ ಅಳಿಸಿ ಹೋಗುವ ಮೊದಲು.