ಅಪ್‌ಡೇಟ್: ತಮ್ಮನಿಗೆ ಲಾರಿ ಲೈಸೆನ್ಸ್ ಸಿಕ್ಕಿತು

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ತಮ್ಮನಿಗೆ ಲಾರಿ ಲೈಸೆನ್ಸ್ ಸಿಗುತ್ತಾ ಅಂತ ಇಲ್ಲಿ ನಿಮ್ಮನ್ನೆಲ್ಲ ಕೇಳಿದ್ದೆ. ಸಿಕ್ಕಿತು! ಶಿರಾದಲ್ಲಿ ಬ್ರೋಕರ್ ಒಬ್ಬ ಎಂಟನೇ ಕ್ಲಾಸಿನ ಮಾರ್ಕ್ಸ್ ಕಾರ್ಡ್ ಬೇಕೇ ಬೇಕು ಅಂದಿದ್ದ. ಆ ನಿಯಮ 2019ರಲ್ಲೇ ಹೋಗಿದೆ ಅಂತ ನೀವು ಹೇಳಿದ್ದೇ ನಿಜ. ಕಾರಿನ ಲೈಸೆನ್ಸ್ ಆಗಿ 1 ವರ್ಷ ತುಂಬಿರಬೇಕಿತ್ತು, ತುಂಬಿತ್ತು.

ಆದರೆ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಫಾರಂ 5 (ತರಬೇತಿ ಮುಗಿಸಿದ್ದಕ್ಕೆ ಸ್ಕೂಲು ಕೊಡುವ ಸರ್ಟಿಫಿಕೇಟ್) ತರಲೇಬೇಕು. ಆ ತರಬೇತಿ ಇರಲೇಬೇಕು ಅಂತ ಈಗ ನನಗೂ ಅನಿಸುತ್ತದೆ. ಮೊದಲ ದಿನ ರಿವರ್ಸ್ ತೆಗೆಯುವಾಗ ಅವನು ಎಡಗಡೆ ಕನ್ನಡಿ ನೋಡಲೇ ಇಲ್ಲ. ಮೂರನೇ ವಾರ ತಾನೇ ಕೆಳಗಿಳಿದು, ಹಿಂದೆ ಮಕ್ಕಳಿದ್ದಾರಾ ಅಂತ ನೋಡಿ ಬಂದು ಹತ್ತಿದ. ನನಗೆ ಕಣ್ಣು ತುಂಬಿತು.

ಲೈಸೆನ್ಸ್ 5 ವರ್ಷಕ್ಕಿದೆ. ಮೊದಲು 3 ವರ್ಷ ಇತ್ತಲ್ವಾ. ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಳೆ ಮೊದಲ ಲೋಡ್, ತುಮಕೂರಿಗೆ.