ಮಗು ಓಡಾಡುವ ತೋಟದಲ್ಲಿ ಉಕ್ಕಿ ಹರಿಯುವ ಗುಡಾಣ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ. ಮನೆ ಹಿಂದಿನ ಸಣ್ಣ ತೋಟದಲ್ಲಿ ನೀರು ಹರಿಯುವ ಸದ್ದು ಬೇಕು ಅಂತ ಆಸೆ. ಎರಡು ವರ್ಷದ ಮಗು ಇರುವುದರಿಂದ ಕೊಳ ಬೇಡವೆಂದು ಮನೆಯವರು ಪಟ್ಟು ಹಿಡಿದಿದ್ದಾರೆ. 60 ಸೆಂ.ಮೀ. ಎತ್ತರದ ಮಣ್ಣಿನ ಗುಡಾಣ ಒಂದಿದೆ, ಬಾಯಿ 25 ಸೆಂ.ಮೀ. ನೀರು ಅದರ ಬಾಯಿಂದ ಉಕ್ಕಿ ಹೊರಮೈ ಮೇಲೆ ಇಳಿಯುವಂತೆ ಮಾಡಬಹುದೇ? ತೊಟ್ಟಿ ಎಷ್ಟು ದೊಡ್ಡದು ಬೇಕು, ಪಂಪು ಯಾವುದು?

ಉತ್ತರ (ತೋಟದ ನೀರಿನ ಕೆಲಸದವರು): ಮನೆಯವರ ಮಾತು ಸರಿ. ಎರಡು ಇಂಚು ನೀರಿದ್ದರೂ ಅದರಲ್ಲಿ ಮುಖ ಅಡಿಯಾಗಿ ಬಿದ್ದ ಮಗುವಿನ ಪ್ರಾಣ ಹೋಗಬಹುದು. ಆದ್ದರಿಂದ ನೀರೆಲ್ಲ ನೆಲದೊಳಗಿನ ತೊಟ್ಟಿಯಲ್ಲಿರಲಿ, ಅದರ ಮೇಲೆ ಜಾಲರಿ, ಜಾಲರಿಯ ಮೇಲೆ ಉರುಟುಗಲ್ಲು. ಕಣ್ಣಿಗೆ ಕಾಣುವುದು ಒದ್ದೆ ಕಲ್ಲು ಮಾತ್ರ.

ತೊಟ್ಟಿಗೆ 60×60 ಸೆಂ.ಮೀ. ಅಗಲ, 45 ಸೆಂ.ಮೀ. ಆಳದ ದಪ್ಪ ಪ್ಲಾಸ್ಟಿಕ್ ಟಬ್ ಸಾಕು. ಗುಂಡಿಯ ತಳದಲ್ಲಿ 5 ಸೆಂ.ಮೀ. ಮರಳು ಹಾಸಿ, ದಮ್ಮಸು ಮಾಡಿ, ರಸಮಟ್ಟ ಇಟ್ಟು ನೋಡಿ. ಟಬ್ಬಿನ ಅಂಚು ನೆಲಕ್ಕಿಂತ 3 ಸೆಂ.ಮೀ. ಮೇಲಿರಲಿ, ಇಲ್ಲದಿದ್ದರೆ ಮೊದಲ ಮಳೆಗೇ ಕೆಸರು ಒಳಗೆ ಬರುತ್ತದೆ. ಸುತ್ತ ಮರಳು ತುಂಬುವಾಗ ಟಬ್ಬಿಗೂ ಜೊತೆಜೊತೆಗೇ ನೀರು ತುಂಬುತ್ತ ಬನ್ನಿ. ಖಾಲಿ ಟಬ್ಬಿನ ಪಕ್ಕ ಒಳಕ್ಕೆ ಬಾಗುತ್ತದೆ.

ಗುಡಾಣದ ಭಾರವನ್ನು ಜಾಲರಿಯ ಮೇಲೆ ಬಿಡಬೇಡಿ. ನೀರು ತುಂಬಿದ ಗುಡಾಣ 80 ಕಿಲೋ ತೂಗಬಹುದು. ಟಬ್ಬಿನ ನಡುವೆ ಕಾಂಕ್ರೀಟ್ ಬ್ಲಾಕಿನ 20×20 ಸೆಂ.ಮೀ. ಕಂಬ ನಿಲ್ಲಿಸಿ, ಅಡಿಯಲ್ಲಿ ದಪ್ಪ ರಬ್ಬರ್ ಹಾಳೆಯ ತುಂಡು ಇಡಿ. ಜಾಲರಿಗೆ ಸತು ಲೇಪಿಸಿದ ಕಬ್ಬಿಣ ಆಗಬಹುದು. ಅದರ ಕಣ್ಣಿನಲ್ಲಿ ಮಗುವಿನ ಕಾಲು ತೂರಬಾರದು, ದೊಡ್ಡವರು ಹತ್ತಿ ನಿಂತರೂ ಬಾಗಬಾರದು. ಒಂದು ಮೂಲೆಯಲ್ಲಿ ಪಂಪು ಎತ್ತಲು 30 ಸೆಂ.ಮೀ. ಚೌಕದ ಬಾಗಿಲು ಬಿಡಿ, ಅದನ್ನು ಬೋಲ್ಟ್ ಹಾಕಿ ಬಿಗಿದಿಡಿ.

ಪ್ರಶ್ನೆ: ಟಬ್ ಇಷ್ಟು ದೊಡ್ಡದು ಯಾಕೆ ಬೇಕು? ಗುಂಡಿಗೆ ಪ್ಲಾಸ್ಟಿಕ್ ಹಾಳೆ ಹಾಸಿ ಪೂರ್ತಿ ಕಲ್ಲು ತುಂಬಿದರೆ ಜಾಲರಿಯ ಖರ್ಚೇ ಇರುವುದಿಲ್ಲವಲ್ಲ?

ಉತ್ತರ: ಕಲ್ಲು ತುಂಬಿದ ಗುಂಡಿಯಲ್ಲಿ ಹೆಚ್ಚೆಂದರೆ ಶೇಕಡ 40ರಷ್ಟು ಜಾಗ ನೀರಿಗೆ ಉಳಿಯುತ್ತದೆ. ಪಂಪು ಕೆಟ್ಟ ದಿನ ಅಷ್ಟೂ ಕಲ್ಲನ್ನು ಎತ್ತಿ ಹೊರಗೆ ಹಾಕಬೇಕು. ಜಾಲರಿಯೇ ವಾಸಿ.

ಇನ್ನು ಅಳತೆ. ಕಂಬದ ಜಾಗ ಕಳೆದರೆ ಟಬ್ಬಿನಲ್ಲಿ ಒಂದು ಸೆಂ.ಮೀ. ಆಳಕ್ಕೆ 3.2 ಲೀಟರ್ ನೀರು ಹಿಡಿಯುತ್ತದೆ. 40 ಸೆಂ.ಮೀ. ತುಂಬಿದರೆ 128 ಲೀಟರ್. ಗುಡಾಣಕ್ಕೆ 50 ಲೀಟರ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ (ಬಕೆಟ್ಟಿನಲ್ಲಿ ಅಳೆದು ಸುರಿದು ನೋಡಿಬಿಡಿ). ಪಂಪು ಶುರುವಾಗಿ ಗುಡಾಣ ತುಂಬಿದಾಗ ಟಬ್ಬಿನಲ್ಲಿ ಉಳಿಯುವುದು 78 ಲೀಟರ್, ಅಂದರೆ 24 ಸೆಂ.ಮೀ. ಪಂಪನ್ನು ಇಟ್ಟಿಗೆಯ ಮೇಲೆ ಕೂರಿಸಿದರೆ ಅದು ಮುಳುಗಿರಲು 20 ಸೆಂ.ಮೀ. ನೀರು ಬೇಕು. ಕೈಯಲ್ಲಿ ಉಳಿದದ್ದು 4 ಸೆಂ.ಮೀ., ಸುಮಾರು 13 ಲೀಟರ್. ಬಿಸಿಲಿಗೆ ಆರಿ, ಗಾಳಿಗೆ ಸಿಡಿದು ದಿನಕ್ಕೆ 4–5 ಲೀಟರ್ ಹೋದರೂ ಮೂರನೇ ದಿನಕ್ಕೆ ನೀರು ತುಂಬಿಸಲೇಬೇಕು. ಟಬ್ ಇದಕ್ಕಿಂತ ಚಿಕ್ಕದಾದರೆ ಪಂಪು ಒಣಗಿ ಓಡಿ ಸುಟ್ಟುಹೋಗುತ್ತದೆ.

ಈಗ ಪಂಪು. ಡಬ್ಬಿಯ ಮೇಲೆ ಬರೆದಿರುವ ಗರಿಷ್ಠ ಹೆಡ್ (ಪಂಪು ನೀರನ್ನು ಎತ್ತಬಲ್ಲ ಎತ್ತರ) ನೋಡಿ ಕೊಳ್ಳುವುದು ಎಲ್ಲರೂ ಮಾಡುವ ತಪ್ಪು. ಆ ಎತ್ತರಕ್ಕೆ ನೀರು ಮುಟ್ಟುತ್ತದೆ ಅಷ್ಟೆ, ಹರಿಯುವುದಿಲ್ಲ. ನಿಮ್ಮಲ್ಲಿ ಪಂಪಿನಿಂದ ಗುಡಾಣದ ಬಾಯಿಗೆ ಸುಮಾರು 1 ಮೀಟರ್ ಎತ್ತರ. 1.2 ಮೀಟರ್ ಹೆಡ್‌ನಲ್ಲಿ ಗಂಟೆಗೆ 1000 ಲೀಟರ್ ಕೊಡುವ ಪಂಪನ್ನೇ ಕೇಳಿ. ಗರಿಷ್ಠ ಹೆಡ್ 2 ಮೀಟರ್ ಇಲ್ಲವೇ ಹೆಚ್ಚು ಇರುವಂಥದ್ದರಲ್ಲಿ ಹುಡುಕಿ. ಪೈಪು ಪಂಪಿನ ಬಾಯಿಗಿಂತ ಸಣ್ಣದಿರಬಾರದು. ಹರಿವು ಹೆಚ್ಚಾಯಿತೆನಿಸಿದರೆ ನೀರು ಹೊರಹೋಗುವ ಪೈಪಿನಲ್ಲಿ ಬಾಲ್ ವಾಲ್ವ್ ಹಾಕಿ ತಗ್ಗಿಸಿ. ನೀರು ಎಳೆಯುವ ಕಡೆ ಎಂದೂ ಕಟ್ಟಬೇಡಿ.

ಪ್ರಶ್ನೆ: ಪೈಪನ್ನು ಗುಡಾಣದ ಬಾಯಿವರೆಗೆ ನೆಟ್ಟಗೆ ನಿಲ್ಲಿಸಬೇಕೇ, ತಳದಲ್ಲೇ ಬಿಡಬೇಕೇ?

ಉತ್ತರ: ಒಳ್ಳೆಯ ಪ್ರಶ್ನೆ, ಈ ಕೆಲಸದ ಸೂಕ್ಷ್ಮ ಇರುವುದೇ ಇಲ್ಲಿ. ಬಾಯಿವರೆಗೆ ನಿಲ್ಲಿಸಿದರೆ ಪಂಪು ನಿಂತಾಗಲೂ ಗುಡಾಣ ತುಂಬಿಯೇ ಇರುತ್ತದೆ. ಸ್ವಿಚ್ ಹಾಕಿದ ತಕ್ಷಣ ಉಕ್ಕುವುದು ಚೆಂದವೇ. ಆದರೆ ಅಲ್ಲಿ ತೆರೆದ ನೀರು ನಿಂತಂತಾಯಿತು: ಮಗುವಿಗೆ ಅಪಾಯ, ಸೊಳ್ಳೆಗೆ ತೊಟ್ಟಿಲು. ತಳದಲ್ಲೇ ಬಿಟ್ಟರೆ ಪಂಪು ನಿಂತೊಡನೆ ನೀರು ಅದರ ಮೂಲಕವೇ ಟಬ್ಬಿಗೆ ಇಳಿಯುತ್ತದೆ, ಹೋಗುತ್ತ ಪಂಪಿನ ಬಾಯಿಗೆ ಅಂಟಿದ ಕಸವನ್ನೂ ತಳ್ಳುತ್ತದೆ. ಮತ್ತೆ ತುಂಬಲು ಕೆಲವು ನಿಮಿಷ ಕಾಯಬೇಕು, ಕಾದರಾಯಿತು. ನಿಮ್ಮ ಮನೆಗೆ ಇದೇ ಸರಿ. ನಡುವೆ ನಾನ್ ರಿಟರ್ನ್ ವಾಲ್ವ್ ಹಾಕಬೇಡಿ, ಹಾಕಿದರೆ ನೀರು ವಾಪಸ್ ಇಳಿಯುವುದಿಲ್ಲ. ಪಂಪು ಓಡುವಾಗ ಗುಡಾಣ ತುಂಬಿರುವುದರಿಂದ ಬಾಯಿಯ ಕೆಳಗೆ 3 ಸೆಂ.ಮೀ.ಗೆ ಸ್ಟೀಲ್ ಜಾಲರಿಯ ತಟ್ಟೆ ಬಿಗಿದು, ಮೇಲೆ ಕಲ್ಲು ಹರಡಿ.

ತಳದ ತೂತಿಗೆ ಟ್ಯಾಂಕ್ ನಿಪ್ಪಲ್ (ಪೈಪು ಜೋಡಿಸಲು ತೂತಿನಲ್ಲಿ ಕೂರಿಸಿ ನಟ್ಟಿನಿಂದ ಬಿಗಿಯುವ ತುಂಡು ಕೊಳವೆ), ಎರಡೂ ಕಡೆ ರಬ್ಬರ್ ವಾಷರ್. ಮಣ್ಣಿನ ಪಾತ್ರೆಯಾದ್ದರಿಂದ ಡ್ರಿಲ್ಲಿನ ಹ್ಯಾಮರ್ ಆಫ್ ಮಾಡಿ, ನೀರು ಹನಿಸುತ್ತ ನಿಧಾನ ಕೊರೆಯಿರಿ. ನಟ್ಟನ್ನು ಕೈಯಲ್ಲಿ ಬಿಗಿ ಮಾಡಿ, ಆಮೇಲೆ ಸ್ಪ್ಯಾನರಿನಲ್ಲಿ ಕಾಲು ಸುತ್ತು, ಅಷ್ಟೇ. ಅದಕ್ಕೂ ಮೀರಿ ತಿರುಗಿಸಿದರೆ ತಳ ಬಿರುಕು ಬಿಡುತ್ತದೆ. ಮೆರುಗಿಲ್ಲದ ಮಣ್ಣು ಜಿನುಗುತ್ತದೆ, ಒಳಗೆ ಎರಡು ಕೋಟ್ ವಾಟರ್‌ಪ್ರೂಫಿಂಗ್ ಬಳಿಯಿರಿ. ಕೂರಿಸುವ ಮುಂಚೆ ನಿಪ್ಪಲ್ಲಿಗೆ ಮುಚ್ಚಳ ಹಾಕಿ, ನೀರು ತುಂಬಿ ಒಂದು ದಿನ ಬಿಟ್ಟು ನೋಡಿ. ಕೂರಿಸುವಾಗ ಬಾಯಿಯ ಮೇಲೆ ರಸಮಟ್ಟ ಇಡಿ: 3 ಮಿ.ಮೀ. ಓರೆಯಾದರೂ ನೀರು ಒಂದೇ ಪಕ್ಕಕ್ಕೆ ಇಳಿಯುತ್ತದೆ.

ಪ್ರಶ್ನೆ: ಕರೆಂಟಿನ ಭಯ ಇದೆ. ಮನೆಯಲ್ಲಿ ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್) ಇದೆ, ಸಾಲದೇ?

ಉತ್ತರ (ಎಲೆಕ್ಟ್ರಿಷಿಯನ್): ಸಾಲದು. ಎಂಸಿಬಿ ಕಾಯುವುದು ವೈರನ್ನು, ಮನುಷ್ಯರನ್ನಲ್ಲ. ಕೆಲವು ಆಂಪಿಯರ್ ಹರಿದ ಮೇಲಷ್ಟೇ ಅದು ಬೀಳುತ್ತದೆ, ಜೀವ ತೆಗೆಯಲು ಅದರ ಸಣ್ಣ ಪಾಲು ಸಾಕು. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ ನೋಡಿ. ನನ್ನ ಸಲಹೆ 12 ವೋಲ್ಟ್ ಪಂಪು. ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಅದರ ಸೇಫ್ಟಿ ಟ್ರಾನ್ಸ್‌ಫಾರ್ಮರ್ ಮಳೆ ತಾಕದ ಕಡೆ ಗೋಡೆ ಮೇಲಿರಬೇಕು. ಕೇಬಲ್ ದೂರವಾದರೆ ವೋಲ್ಟೇಜ್ ಬೀಳುತ್ತದೆ: 24 ವಾಟ್ ಪಂಪಿಗೆ 15 ಮೀಟರ್ ದೂರಕ್ಕೆ 0.75 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಸುಮಾರು ಒಂದೂವರೆ ವೋಲ್ಟ್ ಹೋಗುತ್ತದೆ, 1.5 ಚದರ ಮಿ.ಮೀ. ಆದರೆ ಅದರರ್ಧ. ನೀರಿನೊಳಗೆ ಜಾಯಿಂಟ್ ಬೇಡ, ಟೇಪ್ ಸುತ್ತಿದ್ದಂತೂ ಬೇಡವೇ ಬೇಡ. ಪಂಪನ್ನು ವೈರ್ ಹಿಡಿದು ಎತ್ತಬಾರದು. ನೀರಿಗೆ ಕೈ ಹಾಕುವ ಮುಂಚೆ ಪ್ಲಗ್ ಕಿತ್ತುಬಿಡಿ.

ಪ್ರಶ್ನೆ: ಹಾಗೆ ಮಾಡಿದೆವು, ಧನ್ಯವಾದ. ಸುತ್ತ ರಬ್ಬರ್ ಹಾಳೆ ಹಾಸಿ ಟಬ್ಬಿನ ಕಡೆ ಇಳಿಜಾರು ಕೊಟ್ಟಿದ್ದೇವೆ. ಆದರೂ ದಿನಕ್ಕೆ ಹತ್ತು ಲೀಟರ್ ಹೋಗುತ್ತಿದೆ. ಸೊಳ್ಳೆಗೆ ಏನು ಮಾಡುವುದು?

ಉತ್ತರ (ತೋಟದ ನೀರಿನ ಕೆಲಸದವರು): ಹಾಳೆಯ ಅಂಚು ಮಣ್ಣಿನಡಿ ಹೂತಿದೆಯೇ ನೋಡಿ. ಹೂತಿದ್ದರೆ ಒಣಮಣ್ಣು ನೀರನ್ನು ಬತ್ತಿಯಂತೆ ಹೀರಿಕೊಳ್ಳುತ್ತದೆ. ಅಂಚನ್ನು 3 ಸೆಂ.ಮೀ. ಮೇಲೆತ್ತಿ ಕಲ್ಲಿನಿಂದ ಮರೆಮಾಡಿ. ಸರಿಯಾಗದಿದ್ದರೆ ಪಂಪು ನಿಲ್ಲಿಸಿ ಟಬ್ಬಿನಲ್ಲಿ ಗುರುತು ಹಾಕಿ ಒಂದು ದಿನ ಬಿಡಿ. ಮಟ್ಟ ಇಳಿದರೆ ಸೋರುವುದು ಟಬ್, ಇಳಿಯದಿದ್ದರೆ ಪೈಪಿನ ಜಾಯಿಂಟ್, ಗುಡಾಣ ಅಥವಾ ಸಿಡಿತ.

ಸೊಳ್ಳೆ ಕಲ್ಲಿನ ಸಂದಿಯಿಂದ ನುಸುಳಿ ಟಬ್ಬಿನಲ್ಲೂ ಮೊಟ್ಟೆ ಇಡಬಲ್ಲದು. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ವಾರ–ಹತ್ತು ದಿನಕ್ಕೆ ಸೊಳ್ಳೆಯಾಗುತ್ತದೆ. ಪಂಪನ್ನು ದಿನವೂ ಓಡಿಸಿ, ಬಿಟಿಐ (ಸೊಳ್ಳೆಯ ಮರಿಹುಳುಗಳನ್ನು ಕೊಲ್ಲುವ ಬ್ಯಾಕ್ಟೀರಿಯಾ) ಹರಳನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಹಾಕಿ. ಸೀಮೆಎಣ್ಣೆ ಬೇಡ, ರಬ್ಬರ್ ಹಾಳಾಗುತ್ತದೆ. ಊರಿಗೆ ಹೋಗುವಾಗ ಟಬ್ ಖಾಲಿ ಮಾಡಿ. ಮಳೆಗಾಲದಲ್ಲಿ ಮಾತ್ರ ಪೂರ್ತಿ ಖಾಲಿ ಬಿಡಬೇಡಿ: ನೆಲದ ನೀರು ಟಬ್ಬನ್ನೇ ಮೇಲಕ್ಕೆತ್ತಿಬಿಡುತ್ತದೆ. ಆಗ ಸಂದಿಯಿಲ್ಲದ ಮುಚ್ಚಳ ಹಾಕಿ ಹೋಗಿ.

ಮುಂದೆ ಪಂಪು ಗುಂಯ್‌ಗುಟ್ಟುತ್ತಿದ್ದು ನೀರು ಬರದಿದ್ದರೆ ಒಳಗೆ ಗಾಳಿ ಸಿಕ್ಕಿರಬಹುದು. ಪ್ಲಗ್ ಕಿತ್ತು, ನೀರಿನೊಳಗೇ ಪಂಪನ್ನು ಓರೆ ಮಾಡಿ ಗುಳ್ಳೆ ಹೊರಬಿಡಿ. ಗಡಸು ನೀರಿನ ಬಿಳಿ ಪದರ ಇಂಪೆಲ್ಲರಿಗೆ (ಪಂಪಿನೊಳಗೆ ತಿರುಗುವ ರೆಕ್ಕೆಚಕ್ರಕ್ಕೆ) ಕಟ್ಟಿದ್ದರೆ ಬಿಚ್ಚಿ ಒಂದು ಗಂಟೆ ವಿನೆಗರಿನಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಉಜ್ಜಿ ತೊಳೆಯಿರಿ.